ತಮ್ಮನನ್ನು ನನ್ನ ಕ್ರೆಡಿಟ್ ಕಾರ್ಡಿನಿಂದ ತೆಗೆಯಬೇಕು, ಆದರೆ ಅವನ ಮನೆ ಸಾಲ ಇನ್ನೂ ಕೈಗೆ ಬಂದಿಲ್ಲ

ನೀಲಿಛತ್ರಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿರುವವರಿಗೆ ಈ ಪ್ರಶ್ನೆ. ಇಲ್ಲಿನ ಕ್ರೆಡಿಟ್ ಸ್ಕೋರಿನ ಒಳಮರ್ಮ ಗೊತ್ತಿರುವವರು ಸಿಕ್ಕರೆ ಇನ್ನೂ ಒಳ್ಳೆಯದು.

ನನ್ನ ತಮ್ಮ ಎಂಎಸ್ ಓದಲು ಬಂದಾಗ ಅವನ ಹೆಸರಿನಲ್ಲಿ ಕ್ರೆಡಿಟ್ ಹಿಸ್ಟರಿ ಅನ್ನೋದೇ ಇರಲಿಲ್ಲ. ಅಪಾರ್ಟ್‌ಮೆಂಟ್‌ನವರು ಹೆಚ್ಚು ಡೆಪಾಸಿಟ್ ಕೇಳಿದರು, ಫೋನಿನವರೂ ಡೆಪಾಸಿಟ್ ಕೇಳಿದರು. ಆಗ ನಾನು ನನ್ನ ಕಾರ್ಡಿಗೆ ಅವನನ್ನು ಆಥರೈಸ್ಡ್ ಯೂಸರ್ ಅಂತ, ಅಂದರೆ ನನ್ನ ಖಾತೆಯ ಮೇಲೆ ಖರ್ಚು ಮಾಡಬಲ್ಲ ಹೆಚ್ಚುವರಿ ಬಳಕೆದಾರ ಅಂತ ಸೇರಿಸಿದೆ. 2012ರಲ್ಲಿ ತೆಗೆದ ಕಾರ್ಡು, ಇವತ್ತಿನವರೆಗೆ ಒಂದು ಬಿಲ್ಲೂ ತಡವಾಗಿಲ್ಲ, ಲಿಮಿಟ್ 18,000 ಡಾಲರ್. ಅದರಿಂದ ಅವನಿಗೆ ಬೇಗ ಸ್ಕೋರ್ ಬಂತು. ಆಮೇಲೆ ಕೆಲಸ ಸಿಕ್ಕಿತು, ಮದುವೆಯಾಯಿತು, ತನ್ನ ಹೆಸರಲ್ಲೇ ಒಂದು ಕಾರ್ಡೂ ತಗೊಂಡ. ನನ್ನ ಪ್ರಕಾರ ಅಲ್ಲಿಗೆ ನನ್ನ ಕಾರ್ಡಿನ ಋಣ ತೀರಬೇಕಿತ್ತು.

ತೀರಿಲ್ಲ. ಪ್ರತಿ ತಿಂಗಳ ಸ್ಟೇಟ್‌ಮೆಂಟಿನಲ್ಲಿ ಅವನ ಜಿಮ್ ಇದೆ, ಎರಡು ಸ್ಟ್ರೀಮಿಂಗ್ ಇದೆ, ಕ್ಲೌಡ್ ಸ್ಟೋರೇಜ್ ಇದೆ. ಎಲ್ಲಕ್ಕಿಂತ ಕಿರಿಕಿರಿ ಅವನ ಕಾರಿನ ಟೋಲ್ ಟ್ಯಾಗ್. ಬ್ಯಾಲೆನ್ಸ್ ಇಳಿದ ಕೂಡಲೇ ತಾನೇ 35 ಡಾಲರ್ ಎಳ್ಕೊಳ್ಳುತ್ತೆ, ಕೆಲವು ತಿಂಗಳು ಎರಡು ಸಲ, ಕೆಲವು ತಿಂಗಳು ಮೂರು ಸಲ. ಕೇಳಿದರೆ "ಕಳಿಸ್ತೀನಿ ಅಕ್ಕ" ಅಂತಾನೆ. ಕಳಿಸುತ್ತಾನೆ ಕೂಡ, ಆದರೆ ಸುಮಾರು ಒಂದು ಮೊತ್ತ. ನಾನು ಯಾವುದು ಬಂತು ಯಾವುದು ಬಾಕಿ ಅಂತ ಎಕ್ಸೆಲ್ ಶೀಟ್ ಇಟ್ಟುಕೊಂಡು ಕೂರಬೇಕು. ನಮ್ಮಿಬ್ಬರ ನಡುವೆ ಜಗಳ ಏನಿಲ್ಲ, ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ಈ ಲೆಕ್ಕ ಇಡೋ ಕೆಲಸ ನನಗೆ ಸಾಕಾಗಿದೆ, ಅಷ್ಟೆ.

ಈಗ ತೊಡಕು ಏನಂದ್ರೆ, ಅವನು ಮನೆ ಕೊಳ್ಳುತ್ತಿದ್ದಾನೆ. ಆಫರ್ ಒಪ್ಪಿಕೊಂಡಿದ್ದಾರೆ, ಸಾಲಕ್ಕೆ ಕಾಗದಪತ್ರ ಕೊಟ್ಟಾಗಿದೆ, ಕ್ಲೋಸಿಂಗ್ (ಸಾಲ ಕೈಗೆ ಬಂದು ಮನೆ ಅವನ ಹೆಸರಿಗಾಗುವ ದಿನ) ಮುಂದಿನ ತಿಂಗಳು. ನಾನು ಬ್ಯಾಂಕಿಗೆ ಫೋನ್ ಮಾಡಿ ವಿಚಾರಿಸಿದೆ. "ಈಗಲೇ ತೆಗೆದುಬಿಡಲಾ?" ಅಂತ ಆ ಕಡೆಯ ಹುಡುಗಿ ಎಷ್ಟು ಸಲೀಸಾಗಿ ಕೇಳಿದಳೆಂದರೆ ನನಗೇ ಗಾಬರಿಯಾಗಿ, ಯೋಚಿಸಿ ಹೇಳ್ತೀನಿ ಅಂದೆ.

ತೆಗೆದರೆ ಅವನ ಸ್ಕೋರ್ ಬೀಳುತ್ತಾ? ಎಷ್ಟು? ನನ್ನದಕ್ಕೆ ಏನಾದರೂ ಆಗುತ್ತಾ? ತೆಗೆದ ಮೇಲೂ ಆ ಟೋಲ್, ಜಿಮ್ ನನಗೇ ಬರುತ್ತಾ? ಇನ್ನೊಂದು ಇದೆ, ಕೇಳೋಕೆ ಸ್ವಲ್ಪ ಸಂಕೋಚ. ಅವನಿಗೆ ಮೊದಲೇ ಹೇಳಲೇಬೇಕಾ? ಹೇಳಿದರೆ ಅಮ್ಮನಿಗೆ ಹೋಗುತ್ತೆ, ಅಮ್ಮ ನನಗೆ ಫೋನ್ ಮಾಡುತ್ತಾರೆ.

---

ಗಾಳಿಪಟ ಬರೆದದ್ದು:

ಇವತ್ತೇ ತೆಗೆದುಹಾಕಿ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನೋದು ಸುಮ್ಮನೆ ಬಂದ ಗಾದೆಯಲ್ಲ.

ಒಂದು ವಿಷಯ ಗಮನಿಸಿ. ಆಥರೈಸ್ಡ್ ಯೂಸರ್ ಎಷ್ಟು ಉಜ್ಜಿದರೂ ಬ್ಯಾಂಕಿಗೆ ಹಣ ಕಟ್ಟಬೇಕಾದ ಹೊಣೆ ನಿಮ್ಮದೊಬ್ಬರದೇ. ಬ್ಯಾಂಕ್ ಅವನನ್ನು ಕೇಳೋದೇ ಇಲ್ಲ. ನಾಳೆ ಅವನು ಹೊಸ ಮನೆಗೆ ಫ್ರಿಜ್, ಸೋಫಾ ಅಂತ 6,000 ಡಾಲರ್ ಹಾಕಿದ ಅಂದುಕೊಳ್ಳಿ. "ನಾನು ಒಪ್ಪಿರಲಿಲ್ಲ" ಅಂತ ನೀವು ಡಿಸ್ಪ್ಯೂಟ್ ಮಾಡೋಕೆ ಬರಲ್ಲ. ಟ್ರುತ್ ಇನ್ ಲೆಂಡಿಂಗ್ ಕಾನೂನಿನಲ್ಲಿ ನಿಮ್ಮ ಹೊಣೆ 50 ಡಾಲರ್ ದಾಟಬಾರದು ಅಂತ ಇದೆಯಲ್ಲ, ಅದು ಕಳ್ಳ ಬಳಸಿದಾಗ. ನೀವೇ ಕಾರ್ಡು ಕೊಟ್ಟವನು ಮಿತಿಮೀರಿ ಬಳಸಿದರೆ, ಇನ್ನು ಇವನಿಗೆ ಅನುಮತಿ ಇಲ್ಲ ಅಂತ ನೀವು ಬ್ಯಾಂಕಿಗೆ ತಿಳಿಸುವ ತನಕದ್ದೆಲ್ಲ ನಿಮ್ಮ ತಲೆಗೇ.

ಅವನ ಒಪ್ಪಿಗೆ ಬೇಕಾಗಿಲ್ಲ. ಖಾತೆ ನಿಮ್ಮದು. ತೆಗೆದ ಮೇಲೆ ಒಂದು ಮೆಸೇಜ್ ಹಾಕಿದರೆ ಆಯ್ತು.

---

ಲೆಕ್ಕದಪುಸ್ತಕ ಬರೆದದ್ದು:

ಗಾಳಿಪಟ ಅವರು ಹೊಣೆಯ ವಿಷಯ ಹೇಳಿದ್ದು ಪೂರ್ತಿ ಸರಿ. ಆದರೆ "ಇವತ್ತೇ" ಅನ್ನೋದು ಬೇಡ. ಕ್ಲೋಸಿಂಗ್ ಮುಂದಿನ ತಿಂಗಳು ಇಟ್ಟುಕೊಂಡವನ ಕ್ರೆಡಿಟ್ ರಿಪೋರ್ಟಿನಲ್ಲಿ ಈಗ ಏನನ್ನೂ ಅಲುಗಾಡಿಸಬಾರದು. ನಾನು ಒಂದು ಕ್ರೆಡಿಟ್ ಯೂನಿಯನ್ನಿನ ಕಾರ್ಡ್ ವಿಭಾಗದಲ್ಲಿ ವರ್ಷಗಟ್ಟಲೆ ಕೂತವನು. ಇಂಥ ಫೋನ್ ಕರೆಗಳನ್ನು ತೆಗೆದುಕೊಂಡದ್ದೇ ನನ್ನ ಕೆಲಸ. ತೆಗೆಯೋದು ನಿಜಕ್ಕೂ ಐದು ನಿಮಿಷದ್ದು. ತೆಗೆಸಿಕೊಂಡವರು ಮೂರು ವಾರ ಬಿಟ್ಟು ಮಾಡುವ ಫೋನ್ ಇದೆಯಲ್ಲ, ಅದು ಐದು ನಿಮಿಷಕ್ಕೆ ಮುಗಿಯುತ್ತಿರಲಿಲ್ಲ.

ಮೊದಲು ನಿಮ್ಮದು. ನಿಮ್ಮ ಸ್ಕೋರಿಗೆ ಏನೂ ಆಗುವುದಿಲ್ಲ. ಖಾತೆ ಅದೇ, ವಯಸ್ಸು ಅದೇ, ಲಿಮಿಟ್ ಅದೇ. ಅವನ ಖರ್ಚು ನಿಂತರೆ ಬಾಕಿ ಕಮ್ಮಿ ಕಾಣಿಸಿ ಒಂದಿಷ್ಟು ಒಳ್ಳೆಯದೇ ಆದೀತು.

ಅವನದು ಬೇರೆ ಕಥೆ. ಈಗ ನಿಮ್ಮ 2012ರ ಖಾತೆ ಅವನ ರಿಪೋರ್ಟಿನಲ್ಲೂ ಕೂತಿದೆ. ಅಷ್ಟೂ ವರ್ಷಗಳ ತಪ್ಪದ ಪಾವತಿ, 18,000ದ ಲಿಮಿಟ್, ಎಲ್ಲ ಅವನ ಲೆಕ್ಕಕ್ಕೂ ಸೇರುತ್ತದೆ. ನೀವು ಹೆಸರು ತೆಗೆಸಿದರೆ ಸಾಮಾನ್ಯವಾಗಿ ಒಂದೆರಡು ಬಿಲ್ಲಿಂಗ್ ಸೈಕಲ್ಲಿನಲ್ಲಿ ಆ ಖಾತೆ ಅವನ ರಿಪೋರ್ಟಿನಿಂದ ಹೋಗುತ್ತದೆ. ಹೋಗುವಾಗ ಅದರ ಇತಿಹಾಸವನ್ನೂ ಹೊತ್ತುಕೊಂಡೇ ಹೋಗುತ್ತದೆ. ಸ್ವಂತ ಕಾರ್ಡು ಮುಚ್ಚಿದರೆ ಒಳ್ಳೆಯ ದಾಖಲೆ ಇನ್ನೂ ವರ್ಷಗಳ ಕಾಲ ರಿಪೋರ್ಟಿನಲ್ಲಿ ಉಳಿಯುತ್ತದೆ. ಆಥರೈಸ್ಡ್ ಯೂಸರಿಗೆ ಆ ಭಾಗ್ಯ ಇಲ್ಲ.

ಎಷ್ಟು ಬೀಳುತ್ತದೆ ಅಂತ ಅಂಕಿ ಹೇಳುವವರನ್ನು ನಂಬಬೇಡಿ. ಸ್ಕೋರಿನ ಸೂತ್ರ ಮಾಡುವ ಕಂಪನಿ ಫೈಕೋ ತನ್ನ ತೂಕದ ಹಂಚಿಕೆಯನ್ನು ಹೇಳುತ್ತದೆ: ಪಾವತಿಯ ಚರಿತ್ರೆಗೆ 35%, ಎಷ್ಟು ಬಾಕಿ ಇದೆ ಎನ್ನುವುದಕ್ಕೆ 30%, ಖಾತೆಗಳ ವಯಸ್ಸಿಗೆ 15%, ಹೊಸ ಸಾಲಕ್ಕೆ 10%, ಸಾಲದ ಬಗೆಗಳಿಗೆ 10%. ನಿಮ್ಮ ತಮ್ಮನಿಗೆ ಇದರಲ್ಲಿ ಪೆಟ್ಟು ಬೀಳುವ ಜಾಗ ಎರಡು. ವಯಸ್ಸು ಒಂದು. ಇನ್ನೊಂದು, ಮತ್ತು ದೊಡ್ಡದು, ಬಾಕಿ ಮತ್ತು ಲಿಮಿಟ್ಟಿನ ಅನುಪಾತ. ಅವನ ಸ್ವಂತ ಕಾರ್ಡಿನ ಲಿಮಿಟ್ ಎಷ್ಟು, ಈಗ ಬಾಕಿ ಎಷ್ಟು, ಇವೆರಡು ಹೇಳಿ. ಅದು ಗೊತ್ತಾಗದೆ ಯಾರು ಏನು ಹೇಳಿದರೂ ಊಹೆ.

ಇನ್ನು ಮನೆ ಸಾಲ. ಸಾಲ ಕೊಡುವವರು ಅರ್ಜಿ ಹಾಕಿದಾಗ ಒಮ್ಮೆ ರಿಪೋರ್ಟ್ ತೆಗೆಯುತ್ತಾರೆ, ಕ್ಲೋಸಿಂಗಿಗೆ ಮುಂಚೆ ಇನ್ನೊಮ್ಮೆ ಇಣುಕುವುದು ವಾಡಿಕೆ. ಮಧ್ಯೆ ಒಂದು ಹಳೆಯ ಖಾತೆ ಮಾಯವಾಗಿದ್ದರೆ ಕೊನೆಯ ವಾರದಲ್ಲಿ ವಿವರಣೆ ಕೇಳುವ ಪತ್ರ ಬರಬಹುದು. ಸ್ಕೋರ್ ಒಂದು ಮೆಟ್ಟಿಲು ಇಳಿದರೆ ಬಡ್ಡಿದರವೇ ಬದಲಾಗಬಹುದು. ಮೂವತ್ತು ವರ್ಷದ ಸಾಲ ಅದು. ನಿಮ್ಮ 35 ಡಾಲರ್ ಟೋಲಿಗೂ ಅದಕ್ಕೂ ಎಲ್ಲಿಂದೆಲ್ಲಿಗೆ!

ಇದಕ್ಕೆ ತಿರುಗಿಯೂ ಒಂದು ಮಾತಿದೆ. ಕೆಲವು ಸಾಲಗಳಲ್ಲಿ ನಿಮ್ಮ ಕಾರ್ಡು ಅವನಿಗೆ ಭಾರವೂ ಆಗಬಹುದು. ಎಫ್‌ಎಚ್‌ಎ (ಸರ್ಕಾರಿ ವಿಮೆ ಇರುವ) ಸಾಲವಾದರೆ, ಕಳೆದ 12 ತಿಂಗಳು ಮೂಲ ಕಾರ್ಡುದಾರರೇ ಕಟ್ಟಿಕೊಂಡು ಬಂದಿದ್ದಾರೆ ಅನ್ನುವುದಕ್ಕೆ ದಾಖಲೆ ಇಲ್ಲದಿದ್ದರೆ ನಿಮ್ಮ ಕಾರ್ಡಿನ ತಿಂಗಳ ಕಂತನ್ನೂ ಅವನ ಸಾಲದ ಹೊರೆಗೆ ಸೇರಿಸುತ್ತಾರೆ. ಬ್ಯಾಂಕುಗಳಿಂದ ಮನೆ ಸಾಲಗಳನ್ನು ಕೊಳ್ಳುವ ಸಂಸ್ಥೆ ಫ್ಯಾನಿ ಮೇಯ ನಿಯಮದ ಸಾಲವನ್ನು ಕಂಪ್ಯೂಟರ್ ಬಿಟ್ಟು ಮನುಷ್ಯರೇ ಪರಿಶೀಲಿಸುವ ಸಂದರ್ಭ ಬಂದರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ಆಥರೈಸ್ಡ್ ಯೂಸರ್ ಖಾತೆಯನ್ನು ಪರಿಗಣಿಸುವುದೇ ಇಲ್ಲ. ಅದಕ್ಕೇ ಹೇಳಿದ್ದು, ಇದನ್ನು ತೀರ್ಮಾನಿಸಬೇಕಾದವರು ನಾವಲ್ಲ, ನೀವೂ ಅಲ್ಲ. ಅವನ ಲೋನ್ ಆಫೀಸರ್. ಮತ್ತು ಲೋನ್ ಆಫೀಸರನ್ನು ಕೇಳಬೇಕಾದವನು ನಿಮ್ಮ ತಮ್ಮ. ಹಾಗಾಗಿ ಅವನಿಗೆ ಹೇಳಬೇಕಾ ಅನ್ನುವ ನಿಮ್ಮ ಕೊನೆಯ ಪ್ರಶ್ನೆಗೂ ಉತ್ತರ ಸಿಕ್ಕಿತು. ಅಮ್ಮನ ಫೋನ್ ಬಂದರೆ ಬರಲಿ.

ಕ್ಲೋಸಿಂಗ್ ತನಕ ಖರ್ಚಿಗೆ ಕಡಿವಾಣ ಬೇಕಿದ್ದರೆ ದಾರಿ ಇದೆ. ಕಾರ್ಡನ್ನು ಅವನಿಂದ ವಾಪಸ್ ಇಸ್ಕೊಳ್ಳಿ, ಇಲ್ಲವೇ ಕತ್ತರಿಸಿ ಹಾಕಲು ಹೇಳಿ. ಅವನ ರಿಪೋರ್ಟಿನಲ್ಲಿ ಖಾತೆ ಕಾಣಿಸಲು ಅವನ ಪರ್ಸಿನಲ್ಲಿ ಪ್ಲಾಸ್ಟಿಕ್ ಇರಬೇಕು ಅಂತಿಲ್ಲ, ಅವನು ಬಳಸಬೇಕು ಅಂತಲೂ ಇಲ್ಲ. ಹೆಸರು ಖಾತೆಯಲ್ಲಿದ್ದರೆ ಸಾಕು. ಕೆಲವು ಬ್ಯಾಂಕುಗಳು ಆಥರೈಸ್ಡ್ ಯೂಸರಿಗೆ ಬೇರೆಯೇ ಖರ್ಚಿನ ಮಿತಿ ಹಾಕಲು ಬಿಡುತ್ತವೆ. ಆಪಿನಲ್ಲಿ ಹುಡುಕಿ, ಸಿಗದಿದ್ದರೆ ಫೋನ್ ಮಾಡಿ ಕೇಳಿ.

---

ಮರಳಿಬಂದವಳು ಬರೆದದ್ದು:

ನಾನು ಇದರ ಇನ್ನೊಂದು ತುದಿಯಲ್ಲಿದ್ದವಳು. ಮಾಜಿ ಗಂಡನ ಕಾರ್ಡಿನಲ್ಲಿ ನಾನು ಆಥರೈಸ್ಡ್ ಯೂಸರ್ ಆಗಿದ್ದೆ. ಬೇರೆಯಾದ ಮೇಲೆ ಅವರು ಬಿಲ್ ಕಟ್ಟುವುದನ್ನು ನಿಲ್ಲಿಸಿದರು, ಆ ತಡಪಾವತಿಗಳು ನನ್ನ ರಿಪೋರ್ಟಿನಲ್ಲೂ ಬಂದು ಕೂತವು. ಕಾನೂನಿನ ಪ್ರಕಾರ ಆ ಸಾಲ ನನ್ನದಲ್ಲ. ಆದರೂ ಬಾಡಿಗೆ ಮನೆ ಕೊಡುವವನಿಗೆ ಕಾಣಿಸೋದು ರಿಪೋರ್ಟ್ ತಾನೆ.

ಬಹಳ ಜನರಿಗೆ ಗೊತ್ತಿಲ್ಲದ್ದು: ಆಥರೈಸ್ಡ್ ಯೂಸರ್ ತಾನೇ ಫೋನ್ ಮಾಡಿ ತನ್ನ ಹೆಸರು ತೆಗೆಸಿಕೊಳ್ಳಲು ಹೆಚ್ಚಿನ ಬ್ಯಾಂಕುಗಳು ಒಪ್ಪುತ್ತವೆ. ಮೂಲ ಕಾರ್ಡುದಾರರ ಸಹಿ ಕೇಳುವುದಿಲ್ಲ. ನನಗೂ ತೆಗೆದುಕೊಟ್ಟರು. ತೆಗೆದ ಮೇಲೂ ಖಾತೆ ರಿಪೋರ್ಟಿನಿಂದ ಹೋಗಲಿಲ್ಲ, ಅದು ಬೇರೆ ರಾಮಾಯಣ. ಬ್ಯಾಂಕಿನವರು ಬ್ಯೂರೋ (ಕ್ರೆಡಿಟ್ ರಿಪೋರ್ಟ್ ತಯಾರಿಸುವ ಸಂಸ್ಥೆ) ಕಡೆ ಕೈ ತೋರಿಸಿದರು, ಬ್ಯೂರೋದವರು ಬ್ಯಾಂಕಿನ ಕಡೆ.

ಕೊನೆಗೆ ಕೆಲಸ ಮಾಡಿದ್ದು ಕಾಗದ. ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಕಾನೂನಿನ ಅಡಿಯಲ್ಲಿ ಡಿಸ್ಪ್ಯೂಟ್ ಹಾಕಿದರೆ ಬ್ಯೂರೋ ಸಾಮಾನ್ಯವಾಗಿ 30 ದಿನದೊಳಗೆ ಪರಿಶೀಲಿಸಬೇಕು. ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್, ಮೂರಕ್ಕೂ ಬೇರೆ ಬೇರೆ ಹಾಕಬೇಕು, ಒಂದರಲ್ಲಿ ಸರಿಯಾದದ್ದು ಇನ್ನೊಂದಕ್ಕೆ ತಾನಾಗಿ ಹೋಗಲ್ಲ. ಹೆಸರು ತೆಗೆದ ದಿನಾಂಕ ಇರುವ ಬ್ಯಾಂಕಿನ ಪತ್ರ ಲಗತ್ತಿಸಿದ ಮೇಲೆ ಮೂರೂ ಕಡೆ ಹೋಯಿತು. ಆ ಪತ್ರವನ್ನು ನಾನು ಕೇಳಿ ತೆಗೆದುಕೊಂಡದ್ದು. ಕೇಳದಿದ್ದರೆ ಕೊಡುವುದಿಲ್ಲ.

ಆದ್ದರಿಂದ ನೀಲಿಛತ್ರಿ ಅವರೇ, ನೀವು ತೆಗೆಯುವ ದಿನ ಫೋನಿನಲ್ಲಿ "ಆಯ್ತು" ಅಂದರೆ ಅಷ್ಟಕ್ಕೆ ಇಡಬೇಡಿ. ಬ್ಯಾಂಕಿನ ಸೆಕ್ಯೂರ್ ಮೆಸೇಜಿನಲ್ಲೋ ಪತ್ರದಲ್ಲೋ ದಿನಾಂಕದ ಸಮೇತ ಬರೆಸಿಕೊಳ್ಳಿ, ಒಂದು ಪ್ರತಿ ತಮ್ಮನಿಗೂ ಕೊಡಿ. ಆಮೇಲೆ ಅವನು ಆನ್ಯುವಲ್ ಕ್ರೆಡಿಟ್ ರಿಪೋರ್ಟ್ ಡಾಟ್ ಕಾಮ್‌ನಲ್ಲಿ ಮೂರೂ ರಿಪೋರ್ಟ್ ನೋಡಲಿ. ಈಗ ವಾರಕ್ಕೊಮ್ಮೆ ಬಿಟ್ಟಿಯಾಗಿ ಸಿಗುತ್ತದೆ.

---

ಲೆಕ್ಕದಪುಸ್ತಕ ಬರೆದದ್ದು:

ಮರಳಿಬಂದವಳು ಅವರು ಹೇಳಿದ ಪತ್ರ ಬಹಳ ಮುಖ್ಯ. ಒಳಗಿನ ಸಂಗತಿ ಇಷ್ಟೆ. ಬ್ಯಾಂಕು ಪ್ರತಿ ತಿಂಗಳು ಬ್ಯೂರೋಗಳಿಗೆ ಮೆಟ್ರೋ 2 ಅನ್ನುವ ನಮೂನೆಯಲ್ಲಿ ಫೈಲ್ ಕಳಿಸುತ್ತದೆ. ಅದರಲ್ಲಿ ಆ ಮನುಷ್ಯನಿಗೂ ಖಾತೆಗೂ ಏನು ಸಂಬಂಧ ಅಂತ ಒಂದೇ ಅಕ್ಷರದ ಕೋಡ್ ಇರುತ್ತದೆ. ಸ್ವಂತ ಖಾತೆಗೆ 1, ಜಂಟಿಗೆ 2, ಆಥರೈಸ್ಡ್ ಯೂಸರಿಗೆ 3. ಸಂಬಂಧ ಮುಗಿದರೆ "ಟಿ" ಅಂತ ಹಾಕಬಹುದು, ಪೂರ್ತಿ ಅಳಿಸಬೇಕಾದರೆ "ಝಡ್". ಯಾರೋ ಒಬ್ಬರು ಅಲ್ಲಿ 3 ಅನ್ನೇ ಬಿಟ್ಟರೆ ನೀವು ಎಷ್ಟು ಫೋನ್ ಮಾಡಿದರೂ ರಿಪೋರ್ಟಿನಲ್ಲಿ ಅದು ಹಾಗೇ ಇರುತ್ತದೆ.

ಆ 2 ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ, ಓದುವ ಬೇರೆಯವರಿಗೆ ಉಪಯೋಗವಾಗಲಿ. ನಿಮ್ಮದು ಜಂಟಿ ಖಾತೆಯಾಗಿದ್ದರೆ ಇಲ್ಲಿ ಬರೆದ ಒಂದು ಮಾತೂ ನಿಮಗೆ ಅನ್ವಯಿಸುವುದಿಲ್ಲ. ಜಂಟಿದಾರರು ಇಬ್ಬರೂ ಸಾಲಕ್ಕೆ ಹೊಣೆ, ಒಬ್ಬರು ಫೋನ್ ಮಾಡಿ ಇನ್ನೊಬ್ಬರನ್ನು ಕಿತ್ತುಹಾಕಲು ಸಾಮಾನ್ಯವಾಗಿ ಆಗದು. ಬಾಕಿ ತೀರಿಸಿ ಖಾತೆ ಮುಚ್ಚಬೇಕಾಗುತ್ತದೆ. ಕ್ಯಾಲಿಫೋರ್ನಿಯಾ, ಟೆಕ್ಸಸ್, ವಾಷಿಂಗ್ಟನ್‌ನಂಥ ಕಮ್ಯೂನಿಟಿ ಪ್ರಾಪರ್ಟಿ (ಮದುವೆಯಾದ ಮೇಲಿನ ಆಸ್ತಿ, ಸಾಲ ಸಾಮಾನ್ಯವಾಗಿ ಇಬ್ಬರದೂ ಎನ್ನುವ) ರಾಜ್ಯಗಳಲ್ಲಿ ಗಂಡ ಹೆಂಡತಿ ನಡುವಿನ ಕಾರ್ಡು ಸಾಲಕ್ಕೆ ಬೇರೆ ನಿಯಮಗಳಿವೆ, ಅದಕ್ಕೆ ವಕೀಲರೇ ಬೇಕು.

---

ನೀಲಿಛತ್ರಿ ಬರೆದದ್ದು:

ತಮ್ಮನ ಹತ್ತಿರ ಮಾತಾಡಿದೆ. ನಾನು ಅಂದುಕೊಂಡಷ್ಟು ಏನೂ ಆಗಲಿಲ್ಲ. "ಅಕ್ಕ, ಆ ಟೋಲ್ ಇನ್ನೂ ನಿನ್ನ ಕಾರ್ಡಲ್ಲೇ ಇದೆಯಾ?" ಅಂತ ನನ್ನನ್ನೇ ಕೇಳಿದ! ಅವನ ಲೋನ್ ಆಫೀಸರ್ ಸ್ಪಷ್ಟವಾಗಿ ಹೇಳಿದ್ದಾರಂತೆ, ಕ್ಲೋಸಿಂಗ್ ಮುಗಿಯೋವರೆಗೂ ಯಾವ ಖಾತೆಯನ್ನೂ ತೆರೆಯಬೇಡಿ, ಮುಚ್ಚಬೇಡಿ, ಮುಟ್ಟಬೇಡಿ. ಅವನದು ಎಫ್‌ಎಚ್‌ಎ ಅಲ್ಲ.

ಲೆಕ್ಕದಪುಸ್ತಕ ಸರ್, ನೀವು ಕೇಳಿದ ಅಂಕಿ ಇಲ್ಲಿದೆ. ಅವನ ಸ್ವಂತ ಕಾರ್ಡಿನ ಲಿಮಿಟ್ 2,000, ಈಗಿನ ಬಾಕಿ 1,100. ನನ್ನ ಕಾರ್ಡಿನಲ್ಲಿ ಕಳೆದ ಸ್ಟೇಟ್‌ಮೆಂಟ್ ಪ್ರಕಾರ 900. ಅವನು ಪ್ರತಿ ತಿಂಗಳು ಪೂರ್ತಿ ಕಟ್ಟುತ್ತಾನೆ, ಬಡ್ಡಿ ಬಿದ್ದಿಲ್ಲ. ಹಾಗಿದ್ದ ಮೇಲೆ ಬಾಕಿ ಯಾಕೆ ಲೆಕ್ಕಕ್ಕೆ ಬರುತ್ತೆ ಅಂತ ಅವನ ಪ್ರಶ್ನೆ, ನನಗೂ ಅದು ಅರ್ಥವಾಗಿಲ್ಲ.

---

ಲೆಕ್ಕದಪುಸ್ತಕ ಬರೆದದ್ದು:

ಬ್ಯೂರೋಗೆ ಹೋಗುವುದು ಸಾಮಾನ್ಯವಾಗಿ ಸ್ಟೇಟ್‌ಮೆಂಟ್ ಹುಟ್ಟಿದ ದಿನದ ಬಾಕಿ. ಅವನು ಕಟ್ಟುವುದು ಡ್ಯೂ ಡೇಟಿಗೆ. ಸ್ಟೇಟ್‌ಮೆಂಟಿನಿಂದ ಡ್ಯೂ ಡೇಟಿಗೆ ಕನಿಷ್ಠ 21 ದಿನದ ಅಂತರ ಇರುತ್ತದೆ. ಅಂದರೆ ಅವನು ಪೂರ್ತಿ ಕಟ್ಟುವ ಹೊತ್ತಿಗೆ ಬ್ಯೂರೋಗೆ 1,100 ಅಂತ ಸುದ್ದಿ ಹೋಗಿ ಎಷ್ಟೋ ದಿನ ಆಗಿರುತ್ತದೆ. ಬಡ್ಡಿ ಬೀಳದಿರುವುದು ಬೇರೆ, ಬಾಕಿ ಕಾಣಿಸುವುದು ಬೇರೆ.

ಈಗ ಲೆಕ್ಕ ನೋಡಿ. ಎರಡೂ ಕಾರ್ಡು ಸೇರಿ ಅವನ ರಿಪೋರ್ಟಿನಲ್ಲಿ ಲಿಮಿಟ್ 20,000, ಬಾಕಿ 2,000. ಹತ್ತು ಪರ್ಸೆಂಟ್, ಚೆನ್ನಾಗಿದೆ. ನಿಮ್ಮ ಕಾರ್ಡು ಹೋಯಿತು ಅಂದುಕೊಳ್ಳಿ. ಲಿಮಿಟ್ 2,000, ಬಾಕಿ 1,100. ಐವತ್ತೈದು ಪರ್ಸೆಂಟ್. ಅವನು ಒಂದು ಡಾಲರ್ ಹೆಚ್ಚು ಖರ್ಚು ಮಾಡಿಲ್ಲ, ಒಂದು ಬಿಲ್ ತಡ ಮಾಡಿಲ್ಲ, ಆದರೂ ಕಾಗದದ ಮೇಲೆ ಕೈಕಟ್ಟಾದ ಮನುಷ್ಯನ ಹಾಗೆ ಕಾಣುತ್ತಾನೆ. ಫೈಕೋ ಒಂದೊಂದು ಕಾರ್ಡಿನ ಅನುಪಾತವನ್ನೂ ನೋಡುವುದರಿಂದ ಆ 55ರ ಪೆಟ್ಟು ಸ್ವಲ್ಪ ಈಗಾಗಲೇ ಬಿದ್ದೇ ಇದೆ, ಒಟ್ಟು ಅನುಪಾತದ ಪೆಟ್ಟು ಮಾತ್ರ ಹೊಸದಾಗಿ ಸೇರುತ್ತದೆ.

ಮದ್ದು ಬಹಳ ಸುಲಭ. ಸ್ಟೇಟ್‌ಮೆಂಟ್ ಬರುವ ದಿನಕ್ಕೆ ಮೂರು ನಾಲ್ಕು ದಿನ ಮುಂಚೆ 1,000 ಕಟ್ಟಿಬಿಡಲಿ. ಕಾಣಿಸುವ ಬಾಕಿ 100, ಅನುಪಾತ ಐದು ಪರ್ಸೆಂಟ್. ನೀವು ಹೆಸರು ತೆಗೆಸುವ ಮುಂಚಿನ ಸೈಕಲ್ಲಿನಲ್ಲಿ ಇದನ್ನು ಮಾಡಿದರೆ ಈ ಕಡೆಯಿಂದ ಬೀಳುವ ಪೆಟ್ಟು ಬಹುತೇಕ ತಪ್ಪುತ್ತದೆ. ಕ್ಲೋಸಿಂಗ್ ಆದ ಮೇಲೆ ತನ್ನ ಕಾರ್ಡಿನ ಲಿಮಿಟ್ ಏರಿಸಲು ಕೇಳಲಿ. ಅದಕ್ಕೆ ಕೆಲವು ಬ್ಯಾಂಕುಗಳು ರಿಪೋರ್ಟ್ ಎಳೆಯುತ್ತವೆ, ಆದ್ದರಿಂದ ಕ್ಲೋಸಿಂಗಿಗೆ ಮುಂಚೆ ಬೇಡ. ವಯಸ್ಸಿನ ಪೆಟ್ಟಿಗೆ ಮಾತ್ರ ಮದ್ದಿಲ್ಲ. 2012 ನಿಮ್ಮದು, ಅವನದಲ್ಲ. ಅವನ ಸ್ವಂತ ಕಾರ್ಡು ಹಳೆಯದಾಗುವವರೆಗೆ ಕಾಯಬೇಕು.

ಅಂದಹಾಗೆ ಆಥರೈಸ್ಡ್ ಯೂಸರಿನ ಸ್ಕೋರಿಗೆ ಖಾತೆ ಸೇರುವ ಈ ಸೌಲಭ್ಯ ಉಳಿದುಕೊಂಡದ್ದೇ ದೊಡ್ಡದು. 2007ರ ಸುಮಾರಿಗೆ ಗುರುತು ಪರಿಚಯ ಇಲ್ಲದವರ ಕಾರ್ಡಿನಲ್ಲಿ ದುಡ್ಡು ಕೊಟ್ಟು ಆಥರೈಸ್ಡ್ ಯೂಸರ್ ಜಾಗ ಕೊಳ್ಳುವ ದಂಧೆ ಶುರುವಾಗಿತ್ತು. ಅದಕ್ಕೆ ರೇಗಿ ಫೈಕೋ ತನ್ನ ಹೊಸ ಆವೃತ್ತಿಯಲ್ಲಿ ಇಂಥ ಖಾತೆಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ ಎಂದಿತು. ಮರುವರ್ಷ ಹಿಂದೆ ಸರಿಯಿತು. ಸಮಾನ ಸಾಲಾವಕಾಶದ 1974ರ ಕಾನೂನಿನ ಅಡಿಯ ನಿಯಮಗಳಲ್ಲಿ ಗಂಡ ಹೆಂಡತಿ ಇಬ್ಬರೂ ಬಳಸುವ ಖಾತೆಯ ಚರಿತ್ರೆಗೆ ರಕ್ಷಣೆ ಇದೆ. ಹೆಂಡತಿಯ ಹೆಸರನ್ನು ಇಟ್ಟು ಅಪರಿಚಿತರನ್ನು ಮಾತ್ರ ಹೊರಗೆ ಹಾಕುವುದು ಸುಲಭದ ಕೆಲಸವಲ್ಲವಲ್ಲ. ಆ ಜಗಳದಲ್ಲಿ ಅಕ್ಕ ತಮ್ಮಂದಿರೂ ಬಚಾವಾದರು.

---

ಹೊಸಬ ಬರೆದದ್ದು:

ಟೋಲ್ ಟ್ಯಾಗ್ ವಿಷಯಕ್ಕೆ ಯಾರೂ ಸರಿಯಾಗಿ ಉತ್ತರ ಕೊಟ್ಟಿಲ್ಲ, ಮೂಲ ತಲೆನೋವೇ ಅದು ತಾನೆ. ನಾನು ಆನ್‌ಲೈನ್ ಪೇಮೆಂಟ್ ಕಡೆ ಕೆಲಸ ಮಾಡುವವನು, ಹೇಳ್ತೀನಿ.

ನಿಮ್ಮ ಕಾರ್ಡಿಗೂ ತಮ್ಮನ ಕಾರ್ಡಿಗೂ ನಂಬರ್ ಒಂದೇನಾ ಬೇರೆಯಾ? ಇದನ್ನು ಮೊದಲು ನೋಡಿ. ಅಮೆರಿಕನ್ ಎಕ್ಸ್‌ಪ್ರೆಸ್‌ನಂಥವರು ಹೆಚ್ಚುವರಿ ಕಾರ್ಡಿಗೆ ಬೇರೆ ನಂಬರ್ ಕೊಡುತ್ತಾರೆ. ಇನ್ನು ಕೆಲವು ಕಡೆ ಹೆಸರು ಮಾತ್ರ ಬೇರೆ, ನಂಬರ್ ಒಂದೇ. ಒಂದೇ ನಂಬರ್ ಆಗಿದ್ದರೆ ಹೆಸರು ತೆಗೆಸಿದರೂ ಜಿಮ್ಮಿಗೆ ಅದು ಗೊತ್ತಾಗುವುದೇ ಇಲ್ಲ. ಅವರ ಹತ್ತಿರ ನಂಬರ್ ಇದೆ, ನಂಬರ್ ಜೀವಂತವಾಗಿದೆ, ಎಳೀತಾರೆ.

ಹಾಗಾದರೆ ಹೊಸ ನಂಬರ್ ತಗೊಳ್ತೀನಿ ಅಂತ ನೀವು ಅನ್ನಬಹುದು. ಅಲ್ಲೂ ಒಂದು ಪೇಚಿದೆ. ವೀಸಾ, ಮಾಸ್ಟರ್‌ಕಾರ್ಡ್ ಎರಡಕ್ಕೂ ಕಾರ್ಡ್ ಅಪ್‌ಡೇಟರ್ ಸೇವೆ ಇದೆ. ಕಾರ್ಡು ಬದಲಾದರೆ ಹೊಸ ನಂಬರನ್ನು ಆ ಸೇವೆಗೆ ಸೇರಿದ ವ್ಯಾಪಾರಿಗಳಿಗೆ ತಾನೇ ತಲುಪಿಸುತ್ತದೆ. ಗ್ರಾಹಕರಿಗೆ ಅನುಕೂಲವಾಗಲಿ ಅಂತ ಮಾಡಿದ್ದು, ನಿಮ್ಮಂಥವರಿಗೆ ಬಾಗಿಲಲ್ಲಿ ಕಳಿಸಿದವನು ಕಿಟಕಿಯಲ್ಲಿ ಬಂದ ಹಾಗೆ. ಹೊಸ ಕಾರ್ಡಿನ ಮೇಲೂ ಸ್ಟ್ರೀಮಿಂಗ್ ಬಂತು ಅಂತ ಜನ ಬೆಚ್ಚಿಬೀಳೋದು ಇದಕ್ಕೇ. ಅಪ್‌ಡೇಟರಿನಿಂದ ಹೊರಗಿಡಿ ಅಂತ ನಿಮ್ಮ ಬ್ಯಾಂಕನ್ನು ಕೇಳಿ ನೋಡಬಹುದು.

ಗಟ್ಟಿ ದಾರಿ ಒಂದೇ. ಒಂದೊಂದು ವ್ಯಾಪಾರಿಯ ಖಾತೆಗೂ ಅವನೇ ಹೋಗಿ ತನ್ನ ಕಾರ್ಡು ಹಾಕಿ, ನಿಮ್ಮದನ್ನು ಅಳಿಸಬೇಕು. ಟೋಲಿನಲ್ಲಿ ಹುಷಾರು: ಕೆಲವು ಟೋಲ್ ಖಾತೆಗಳಲ್ಲಿ ಮುಖ್ಯ ಕಾರ್ಡು ಮತ್ತು ಬ್ಯಾಕಪ್ ಕಾರ್ಡು ಅಂತ ಎರಡು ಜಾಗ ಇರುತ್ತೆ. ಮುಖ್ಯದ್ದು ಬದಲಾಯಿಸಿ ಬ್ಯಾಕಪ್ಪಿನಲ್ಲಿ ಹಳೇದೇ ಉಳಿದರೆ, ಹೊಸದು ಫೇಲ್ ಆದ ದಿನ ಮತ್ತೆ ನಿಮಗೇ. ಫೋನಿನ ವಾಲೆಟ್ಟಿನಿಂದಲೂ ತೆಗೆಯಲಿ. ಆನ್‌ಲೈನ್ ಅಂಗಡಿಗಳಲ್ಲಿ ಸೇವ್ ಆಗಿರೋದು ಬಹಳ ಜನಕ್ಕೆ ನೆನಪೇ ಇರಲ್ಲ. ನಿಮ್ಮ ಹತ್ತಿರ ಎಕ್ಸೆಲ್ ಶೀಟ್ ಇದೆ ಅಂದ್ರಲ್ಲ, ಕಳೆದ ಒಂದು ವರ್ಷದ ಅವನ ಖರ್ಚುಗಳನ್ನು ಸೋಸಿ ಕಳಿಸಿ. ವರ್ಷಕ್ಕೊಮ್ಮೆ ಬರುವ ಸಬ್‌ಸ್ಕ್ರಿಪ್ಷನ್‌ಗಳು ಅದರಲ್ಲೇ ಸಿಗೋದು.

---

ಗಾಳಿಪಟ ಬರೆದದ್ದು:

ಸರಿ, ಕ್ಲೋಸಿಂಗ್ ತನಕ ಕಾಯಲಿ, ಒಪ್ಪಿದೆ. ಆದರೆ ಕಾರ್ಡು ಮಾತ್ರ ಈಗಲೇ ವಾಪಸ್ ಬರಬೇಕು. ಆ ಫ್ರಿಜ್ ಸೋಫಾ ಮಾತನ್ನು ನಾನು ಹಿಂದಕ್ಕೆ ತಗೊಳ್ಳಲ್ಲ.

---

ನೀಲಿಛತ್ರಿ ಬರೆದದ್ದು:

ಗಾಳಿಪಟ ಅವರೇ, ಕಾರ್ಡು ನನ್ನ ಕೈಗೆ ಬಂದಾಯ್ತು. ಲೋಹದ ಕಾರ್ಡು, ಕತ್ತರಿ ಹಾಕಿದರೆ ಕತ್ತರಿಯೇ ಹೋಗುತ್ತೆ, ಬ್ಯಾಂಕಿಗೆ ವಾಪಸ್ ಕಳಿಸೋಕೆ ಕವರ್ ಕೇಳಿದ್ದೀನಿ.

ನಂಬರ್ ನೋಡಿದೆ, ಎರಡೂ ಒಂದೇ. ಹೊಸಬ ಅವರು ಹೇಳಿದ್ದು ಓದದೇ ಇದ್ದಿದ್ದರೆ ಹೆಸರು ತೆಗೆಸಿ ಆರಾಮಾಗಿ ಕೂತಿರುತ್ತಿದ್ದೆ. ಶೀಟು ಸೋಸಿದಾಗ ವರ್ಷಕ್ಕೊಮ್ಮೆ ಬರುವ ಆ್ಯಂಟಿವೈರಸ್ ಒಂದು ಸಿಕ್ಕಿತು, ಅವನು ಆ ಲ್ಯಾಪ್‌ಟಾಪ್ ಮಾರಿಯೇ ಯಾವ ಕಾಲವಾಯ್ತೋ. ಟೋಲ್ ಖಾತೆಯನ್ನು ವಿಡಿಯೋ ಕಾಲಿನಲ್ಲಿ ನನ್ನ ಎದುರೇ ತೆರೆಸಿದೆ. ಬ್ಯಾಕಪ್ ಜಾಗದಲ್ಲಿ ನನ್ನ ಕಾರ್ಡಿನ ಕೊನೆಯ ನಾಲ್ಕು ಅಂಕಿ ಕೂತಿತ್ತು. ಈಗ ಇಲ್ಲ. ಅವನ ಹೆಂಡತಿ ಪಕ್ಕದಲ್ಲೇ ಕೂತು ನೋಡುತ್ತಿದ್ದಳು, ಜಿಮ್ಮನ್ನು ಮಾತ್ರ ಬದಲಾಯಿಸೋದು ಬೇಡ, ರದ್ದೇ ಮಾಡು ಅಂದಳು, ಅವನು ಹೋಗುವುದೇ ಇಲ್ಲವಂತೆ.

ಕ್ಲೋಸಿಂಗ್ ಆಗಿ ಡೀಡ್ (ಮನೆಯ ಹಕ್ಕುಪತ್ರ) ರೆಕಾರ್ಡ್ ಆದ ಮೇಲೆ ಫೋನ್ ಮಾಡಿ ತೆಗೆಸುತ್ತೇನೆ, ದಿನಾಂಕದ ಸಮೇತ ಪತ್ರ ಕೇಳುತ್ತೇನೆ. ಒಂದು ಕೊನೆಯ ಪ್ರಶ್ನೆ. ಅವನು ಏನೋ ಒಂದು ಮಾನಿಟರ್ ವಾಪಸ್ ಕಳಿಸಿದ್ದಾನೆ, ರೀಫಂಡ್ ಇನ್ನೂ ಬಂದಿಲ್ಲ. ಅಷ್ಟರಲ್ಲಿ ಅವನ ಹೆಸರು ತೆಗೆದರೆ ಆ ದುಡ್ಡು ಎಲ್ಲಿಗೆ ಹೋಗುತ್ತೆ? ಪಾಯಿಂಟ್ಸ್?

---

ಲೆಕ್ಕದಪುಸ್ತಕ ಬರೆದದ್ದು:

ರೀಫಂಡ್ ನಿಮ್ಮ ಖಾತೆಗೇ ಬರುತ್ತದೆ, ಖಾತೆ ತೆರೆದೇ ಇರುತ್ತದಲ್ಲ. ಬಾಕಿ ಇಲ್ಲದಿದ್ದರೆ ಮೈನಸ್ ಬ್ಯಾಲೆನ್ಸ್ ಅಂತ ತೋರಿಸುತ್ತದೆ, ಮುಂದಿನ ಖರ್ಚಿಗೆ ಹೊಂದಿಕೊಳ್ಳುತ್ತದೆ, ಬೇಕಾದರೆ ಚೆಕ್ ಕೇಳಬಹುದು. ಮಾನಿಟರಿನ ದುಡ್ಡು ಕೊಟ್ಟಿದ್ದು ಅವನಾದರೆ ಅವನಿಗೆ ಕಳಿಸಿ, ನೀವಾದರೆ ಶೀಟಿನಲ್ಲಿ ಹೊಡೆದುಹಾಕಿ. ಪಾಯಿಂಟ್ಸ್ ಮೊದಲಿನಿಂದಲೂ ಮೂಲ ಖಾತೆಗೇ ಸೇರಿದ್ದು, ಅವನು ಗಳಿಸಿದ್ದೂ ನಿಮ್ಮ ಹತ್ತಿರವೇ ಉಳಿಯುತ್ತದೆ. ಹೆಸರು ತೆಗೆಸುವ ದಿನ ಪೆಂಡಿಂಗ್‌ನಲ್ಲಿ ಇರುವ ಅವನ ಖರ್ಚುಗಳು ಆಮೇಲೆ ಎರಡು ಮೂರು ದಿನಕ್ಕೆ ಪೋಸ್ಟ್ ಆಗುತ್ತವೆ, ಅವನ್ನು ನೋಡಿ ಗಾಬರಿಯಾಗಿ ಮತ್ತೆ ಫೋನ್ ಮಾಡಬೇಡಿ. ಮುಂದಿನ ಎರಡು ಸ್ಟೇಟ್‌ಮೆಂಟ್ ಮಾತ್ರ ಸಾಲು ಸಾಲಾಗಿ ಓದಿ.